ಹಾಲ್‌ನ ಒಂದು ಗೋಡೆಗೆ ಮರ ಹೊದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಲ್‌ನ ಒಂದೇ ಒಂದು ಗೋಡೆಗೆ ಹಲಗೆಯನ್ನೋ ಪಟ್ಟಿಯನ್ನೋ ಹೊದಿಸಿ ಅದು ಎದ್ದು ಕಾಣುವಂತೆ ಮಾಡುವ ಕೆಲಸದ ಬಗ್ಗೆ ತಿರುತಿರುಗಿ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ಅರ್ಧಕ್ಕರ್ಧ ಪ್ರಶ್ನೆಗಳು ಹುಟ್ಟುವುದು ಒಂದೇ ಕಾರಣಕ್ಕೆ: ಗೋಡೆ ಅಲ್ಲಾಡುವುದಿಲ್ಲ, ಮರ ಮಾತ್ರ ಹಿಗ್ಗುತ್ತಾ ಕುಗ್ಗುತ್ತಾ ಇರುತ್ತದೆ. ಅದಕ್ಕೆ ಜಾಗ ಬಿಟ್ಟವರ ಗೋಡೆ ಉಳಿಯುತ್ತದೆ.

## ಶುರುವಿಗೆ ಮುಂಚೆ

ನಾನು ಬಡಗಿ ಅಲ್ಲ. ಸುತ್ತಿಗೆ ಹಿಡಿದು ಗೊತ್ತು, ಅಷ್ಟೇ. ನನ್ನ ಕೈಲಿ ಆಗುತ್ತಾ?

ಆಗುತ್ತದೆ. ಕುರ್ಚಿ, ಮೇಜು ಮಾಡಿದ ಹಾಗಲ್ಲ ಇದು. ಸಂದು ಕೂಡಿಸುವ ಕಸುಬು ಬೇಡ, ಭಾರ ಹೊರುವ ಭಾಗವೂ ಇಲ್ಲ. ನೇರವಾಗಿ ಕತ್ತರಿಸುವುದು, ಮಟ್ಟ ನೋಡುವುದು, ಎರಡು ಸಲ ಅಳೆಯುವುದು ಬಂದರೆ ಸಾಕು. ಮೊದಲ ಸಲಕ್ಕೆ ಟಂಗ್ ಅಂಡ್ ಗ್ರೂವ್ ಹಲಗೆ ಒಳ್ಳೆಯದು. ಒಂದರ ಅಂಚಿನ ನಾಲಿಗೆ ಇನ್ನೊಂದರ ಕಚ್ಚಿನೊಳಗೆ ಕೂರುವುದರಿಂದ ಸಾಲು ತಾನಾಗಿಯೇ ನೇರ ಬರುತ್ತದೆ, ಮೊಳೆಯೂ ಕಾಣುವುದಿಲ್ಲ. ಓರೆಯಾಗಿ ಜೋಡಿಸುವ ಹೆರಿಂಗ್‌ಬೋನ್ ವಿನ್ಯಾಸವನ್ನು ಎರಡನೇ ಗೋಡೆಗೆ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಹತ್ತು ಸಾಲು ದಾಟುವಷ್ಟರಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಹಲಗೆ ಹೊಡೆಯುವ ಕೆಲಸ ಎರಡು ದಿನಕ್ಕೆ ಮುಗಿಯಬಹುದು. ಮರ ಹದವಾಗುವುದು, ಉಜ್ಜುವುದು, ಪಾಲಿಶ್ ಒಣಗುವುದು ಮಾತ್ರ ವಾರಗಳ ಬಾಬತ್ತು. ನೆಂಟರು ಬರುವ ದಿನ ಗೊತ್ತುಮಾಡಿಕೊಂಡು ಶುರುಮಾಡಬೇಡಿ.

ಯಾವ ಗೋಡೆ ಆರಿಸಲಿ? ನಾಲ್ಕೂ ಮಾಡಿದ್ರೆ ಇನ್ನೂ ಚೆನ್ನಾಗಿರಲ್ವಾ?

ನಾಲ್ಕೂ ಮಾಡಿದರೆ ಯಾವುದೂ ಎದ್ದು ಕಾಣುವುದಿಲ್ಲ, ಕೋಣೆ ಇಕ್ಕಟ್ಟಾಗಿ ಕತ್ತಲು ಕತ್ತಲಾಗುತ್ತದೆ. ಬಾಗಿಲಿನಿಂದ ಒಳಬಂದಾಗ ಕಣ್ಣು ಮೊದಲು ಬೀಳುವ ಗೋಡೆ ಯಾವುದೋ ಅದೇ ಸರಿಯಾದ ಗೋಡೆ. ಸಾಮಾನ್ಯವಾಗಿ ಸೋಫಾದ ಹಿಂದಿನದು, ಇಲ್ಲವೇ ಟಿವಿ ಇರುವುದು. ಕಿಟಕಿ, ಬಾಗಿಲು, ಸ್ವಿಚ್ ಬೋರ್ಡ್ ಕಡಿಮೆ ಇದ್ದಷ್ಟೂ ಕತ್ತರಿಸುವ ರಗಳೆ ಕಡಿಮೆ. ಆಚೆ ಬದಿಯಲ್ಲಿ ಬಚ್ಚಲುಮನೆ ಇರುವ ಗೋಡೆಯನ್ನು ಬಿಟ್ಟುಬಿಡಿ. ಪಕ್ಕದಲ್ಲೇ ಕಿಟಕಿ ಇದ್ದರೆ ಒಂದು ಮಾತು ನೆನಪಿರಲಿ: ಗೋಡೆಗುಂಟ ಸವರಿಕೊಂಡು ಬರುವ ಬೆಳಕು ಮರದ ಎಳೆಯನ್ನೂ ತೋರಿಸುತ್ತದೆ, ನಿಮ್ಮ ಕೆಲಸದ ಉಬ್ಬುತಗ್ಗನ್ನೂ ತೋರಿಸುತ್ತದೆ.

ಹಲಗೆ ಅಡ್ಡಡ್ಡ ಹಾಕೋದಾ, ನೆಟ್ಟಗೆ ಹಾಕೋದಾ?

ಛಾವಣಿ ತಗ್ಗಿದ್ದರೆ ನೆಟ್ಟಗೆ, ಗೋಡೆ ಕಿರಿದಾಗಿದ್ದರೆ ಅಡ್ಡ. ನಡುವೆ ಸಂದಿ ಬಿಡುವ ಪಟ್ಟಿಗಳಾದರೆ ನನ್ನ ಮತ ಯಾವಾಗಲೂ ನೆಟ್ಟಗೆ ಹಾಕುವ ಕಡೆಗೆ. ಅಡ್ಡ ಪಟ್ಟಿ ಒಂದೊಂದೂ ಧೂಳು ಕೂರುವ ಪುಟ್ಟ ಶೆಲ್ಫ್. ಹಲಗೆ ಯಾವ ದಿಕ್ಕಿಗಿದೆಯೋ ಅದರ ಹಿಂದೆ ಗೋಡೆಗೆ ಬಿಗಿದು ಆಸರೆ ಕೊಡುವ ರೀಪರ್ ಪಟ್ಟಿ ಅದಕ್ಕೆ ಅಡ್ಡವಾಗಿ ಬರಬೇಕು, ಹಾಗಾಗಿ ಇದನ್ನು ಮೊದಲೇ ತೀರ್ಮಾನಿಸಿ.

ಏನೇನು ಸಲಕರಣೆ ಬೇಕು? ಎಲ್ಲಾ ಕೊಂಡುಕೊಳ್ಳಬೇಕಾ?

ಅಳತೆ ಟೇಪು, ಮೂಲೆಮಟ್ಟ, ಉದ್ದನೆಯ ರಸಮಟ್ಟ, ಪೆನ್ಸಿಲ್, ಸುತ್ತಿಗೆ, ಸಣ್ಣ ಹಲ್ಲಿನ ಗರಗಸ, ಹ್ಯಾಮರ್ ಡ್ರಿಲ್, ಉಜ್ಜುಕಾಗದ. ಇಷ್ಟರಲ್ಲೇ ಇಡೀ ಗೋಡೆ ಮುಗಿಸಬಹುದು. ಅರವತ್ತು ಪಟ್ಟಿ ಒಂದೇ ಅಳತೆಗೆ ಕತ್ತರಿಸಬೇಕಾದಾಗ ಬೇಕಾದ ಕೋನಕ್ಕೆ ಕತ್ತರಿಸುವ ಕರೆಂಟಿನ ಗರಗಸ, ಮೈಟರ್ ಸಾ, ಇದ್ದರೆ ಕೈಗೆ ಬಿಡುವು, ಅದನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದರೆ ಸಾಕು. ಲೇಸರ್ ಲೆವೆಲ್ ಇಲ್ಲದಿದ್ದರೆ ನೀರು ತುಂಬಿದ ಪಾರದರ್ಶಕ ಪೈಪು ಮತ್ತು ತೂಗುಗುಂಡು ಅದೇ ಕೆಲಸ ಮಾಡುತ್ತವೆ. ಪೈಪಿನೊಳಗೆ ಗಾಳಿಗುಳ್ಳೆ ಇಲ್ಲ ಅನ್ನುವುದನ್ನು ಮಾತ್ರ ನೋಡಿಕೊಳ್ಳಿ.

ಮುಖಗವಸಿನಲ್ಲಿ ಮಾತ್ರ ಜಿಪುಣತನ ಬೇಡ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿಗೆ ಕಟ್ಟಿದ ಕರವಸ್ತ್ರ ಈ ನುಣುಪು ಧೂಳನ್ನು ತಡೆಯುವುದಿಲ್ಲ. ಎನ್‌-95 ದರ್ಜೆಯದ್ದು ಬೇಕು, ಅದು ಮುಖಕ್ಕೆ ಸರಿಯಾಗಿ ಅಂಟಿ ಕೂರಬೇಕು.

## ಮರದ ವಿಚಾರ

ಯಾವ ಮರ ತರಲಿ? ತೇಗವೇ ಆಗಬೇಕಾ?

ಗೋಡೆಗೆ ಹೊದಿಸುವ ಮರ ಮಳೆ ಬಿಸಿಲು ಕಾಣುವುದಿಲ್ಲ, ಯಾರೂ ಅದರ ಮೇಲೆ ಕೂರುವುದಿಲ್ಲ. ಹಾಗಾಗಿ ತೇಗದ ಬಾಳಿಕೆ ಇಲ್ಲಿ ಮುಕ್ಕಾಲು ಪಾಲು ದಂಡ. ಅದರ ಬಣ್ಣ, ಎಳೆ ಮೆಚ್ಚಿ ತರುವುದಾದರೆ ಸಂತೋಷ. ಪೈನ್ ಹಗುರ, ಕತ್ತರಿಸಲು ಸುಲಭ, ಆದರೆ ಮೆತ್ತಗೆ. ಬೀಗದ ಕೈ ತಾಗಿದರೂ ಗುರುತು ಉಳಿಯುತ್ತದೆ. ಗಂಟುಗಳಿಂದ ಅಂಟು ಒಸರಿ ಬಣ್ಣದ ಮೇಲೆ ಹಳದಿ ಕಲೆ ಮೂಡಬಹುದು. ಪೇಂಟ್ ಹೊಡೆಯುವುದಿದ್ದರೆ ಗಂಟಿನ ಮೇಲೆ ಮೊದಲು ಶೆಲ್ಯಾಕ್ (ಅರಗಿನ ಪಾಲಿಶ್) ಸವರಿ.

ಪ್ಲೈವುಡ್ಡನ್ನು ಪಟ್ಟಿ ಪಟ್ಟಿಯಾಗಿ ಸೀಳಿಸಿ ತರುವುದು ನನಗೆ ಇಷ್ಟವಾದ ದಾರಿ. ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುವುದರಿಂದ ಅದು ಹಿಗ್ಗುವುದು ಕುಗ್ಗುವುದು ಬಹಳ ಕಡಿಮೆ. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್ ನುಣುಪು, ಪೇಂಟಿಗೆ ಹೇಳಿಮಾಡಿಸಿದ್ದು, ಆದರೆ ನೀರು ತಾಗಿದ ಅಂಚು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಈ ಎರಡರಲ್ಲೂ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಬರುತ್ತದೆ. ದಿನವಿಡೀ ಕೂರುವ ಕೋಣೆಯಾದ್ದರಿಂದ ಕಡಿಮೆ ಹೊರಸೂಸುವ ಇ-1 ಅಥವಾ ಅದಕ್ಕಿಂತಲೂ ಕಡಿಮೆ ಹೊರಸೂಸುವ ದರ್ಜೆಯದ್ದನ್ನೇ ಕೇಳಿ ತನ್ನಿ.

ಸಾಮಾನು ಬಂದ ಮರದ ಅಡಿಚೌಕಟ್ಟು, ಅದೇ ಪ್ಯಾಲೆಟ್‌ಗಳನ್ನ ಒಡೆದು ಹಾಕಬಹುದಾ?

ಹಾಕಬಹುದು, ಆದರೆ ಮುದ್ರೆ ನೋಡದೆ ಮನೆಯೊಳಗೆ ತರಬೇಡಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್‌ಗಳ ಮೇಲೆ ಗೋಧಿ ತೆನೆಯ ಗುರುತು, ಪಕ್ಕದಲ್ಲಿ ಒಂದು ಸಂಕೇತ ಒತ್ತಿರುತ್ತದೆ. ಎಚ್‌ಟಿ ಎಂದಿದ್ದರೆ ಮರದ ಒಡಲು 56 ಡಿಗ್ರಿ ಸೆಲ್ಸಿಯಸ್‌ಗೆ ಬಂದು ಕನಿಷ್ಠ 30 ನಿಮಿಷ ಕಾದಿದೆ ಎಂದರ್ಥ, ಅದು ಸರಿ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು, ಅದನ್ನು ಮುಟ್ಟಬೇಡಿ. ಮುದ್ರೆಯೇ ಇಲ್ಲದಿದ್ದರೆ, ಎಣ್ಣೆ ಅಥವಾ ರಾಸಾಯನಿಕದ ಕಲೆ, ವಾಸನೆ ಇದ್ದರೆ ಅಲ್ಲೇ ಬಿಡಿ. ಮೊಳೆ ಕೀಳುವ ಶ್ರಮ, ಸೀಳಿ ಹಾಳಾಗುವ ಹಲಗೆ ಎರಡನ್ನೂ ಲೆಕ್ಕ ಹಾಕಿದರೆ ಪ್ಯಾಲೆಟ್ ಮರ ಬಿಟ್ಟಿ ಅಲ್ಲ.

ಅಂಗಡಿಯಿಂದ ತಂದ ದಿನವೇ ಹೊಡೆದ್ರೆ ಏನಾಗುತ್ತೆ?

ಆ ದಿನ ಏನೂ ಆಗುವುದಿಲ್ಲ. ಒಂದೆರಡು ತಿಂಗಳಾದ ಮೇಲೆ ಗೊತ್ತಾಗುತ್ತದೆ.

ಮರ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಗೋದಾಮಿನಲ್ಲಿ ತೇವಾಂಶ ಶೇ 15 ಇದ್ದ ಹಲಗೆ ಮನೆಯೊಳಗೆ ಶೇ 10ಕ್ಕೆ ಇಳಿಯಬಹುದು. ಈ ಇಳಿಕೆಯಲ್ಲಿ ಉದ್ದ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಅಗಲ ಮಾತ್ರ ಕುಗ್ಗುತ್ತದೆ. ಅಂಕಿಯಲ್ಲಿ ಹೇಳುವುದಾದರೆ 140 ಮಿ.ಮೀ. ಅಗಲದ ಪೈನ್ ಹಲಗೆಯ ತೇವಾಂಶ ಶೇ 12ರಿಂದ 8ಕ್ಕೆ ಬಂದರೆ ಒಂದರಿಂದ ಒಂದೂವರೆ ಮಿ.ಮೀ. ಅಗಲ ಹೋಗುತ್ತದೆ. ಒಂದು ಹಲಗೆಗೆ ಅದು ಲೆಕ್ಕಕ್ಕಿಲ್ಲ. ಹತ್ತೊಂಬತ್ತು ಸಾಲು ಒಂದರ ಮೇಲೊಂದು ಬಿಗಿದು ಕೂರಿಸಿದ್ದರೆ ಒಟ್ಟು ಎರಡು ಸೆಂ.ಮೀ. ದಾಟುತ್ತದೆ. ಕುಗ್ಗಿದರೆ ಸಂದಿಯಲ್ಲಿ ಹಿಂದಿನ ಗೋಡೆ ಇಣುಕುತ್ತದೆ. ಒಣ ಹವೆಯಲ್ಲಿ ಸಂದಿ ಬಿಡದೆ ಹೊಡೆದು ಆಮೇಲೆ ತೇವ ಬಂದರೆ ಹಲಗೆಗಳು ಒಂದನ್ನೊಂದು ನೂಕಿ ಮುಂದಕ್ಕೆ ಉಬ್ಬುತ್ತವೆ.

ಅದಕ್ಕೇ ಹಲಗೆಗಳನ್ನು ಅದೇ ಕೋಣೆಯಲ್ಲಿ, ನಡುನಡುವೆ ಸಣ್ಣ ಪಟ್ಟಿ ಇಟ್ಟು ಗಾಳಿಯಾಡುವಂತೆ ಪೇರಿಸಿ, ಒಂದರಿಂದ ಎರಡು ವಾರ ಬಿಡಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬಾಗುತ್ತವೆ. ಪಿನ್ ಚುಚ್ಚಿ ನೋಡುವ ತೇವಾಂಶ ಮೀಟರ್ ಸಿಕ್ಕರೆ ಕೋಣೆಯಲ್ಲೇ ವರ್ಷಗಟ್ಟಲೆ ಇರುವ ಹಳೇ ಮೇಜಿನ ತಳಕ್ಕೆ ಒಮ್ಮೆ, ಹೊಸ ಹಲಗೆಗೆ ಒಮ್ಮೆ ಚುಚ್ಚಿ. ಎರಡರ ನಡುವೆ ವ್ಯತ್ಯಾಸ ಶೇ 2ರೊಳಗೆ ಬಂದಾಗ ಶುರುಮಾಡಿ.

ಎಷ್ಟು ಹಲಗೆ ತರಬೇಕು? ಗೋಡೆ ಭಾರ ತಡೆಯುತ್ತಾ?

3.6 ಮೀಟರ್ ಅಗಲ, 2.7 ಮೀಟರ್ ಎತ್ತರದ ಗೋಡೆ ಅಂದರೆ 9.7 ಚದರ ಮೀಟರ್. ನೇರ ಸಾಲಿಗೆ ಶೇ 10 ಜಾಸ್ತಿ ತನ್ನಿ, ಓರೆ ವಿನ್ಯಾಸಕ್ಕೆ ಶೇ 15, ಹಳೇ ಮರಕ್ಕೆ ಶೇ 20. ಕಿಟಕಿಯ ಜಾಗವನ್ನು ಕಳೆಯಬೇಡಿ, ಅದರ ಸುತ್ತ ಕತ್ತರಿಸುವಾಗ ಹೋಗುವುದಕ್ಕೂ ಅದಕ್ಕೂ ಸರಿಹೋಗುತ್ತದೆ. 12 ಮಿ.ಮೀ. ದಪ್ಪದ ಪೈನ್ ಚದರ ಮೀಟರಿಗೆ ಸುಮಾರು 6 ಕೆ.ಜಿ. ತೂಗುತ್ತದೆ, ತೇಗ 8ರ ಹತ್ತಿರ. ಇಡೀ ಗೋಡೆಗೆ 60ರಿಂದ 80 ಕೆ.ಜಿ. ಅಷ್ಟೂ ಅಗಲಕ್ಕೆ ಹರಡಿಕೊಳ್ಳುವುದರಿಂದ ಇಟ್ಟಿಗೆ ಗೋಡೆಗೆ ಇದು ಹೊರೆಯೇ ಅಲ್ಲ. ಚಿಂತಿಸಬೇಕಾದ್ದು ಸ್ಕ್ರೂ ಹಿಡಿಯಲೆಂದು ಗೋಡೆಯ ತೂತಿಗೆ ತುರುಕುವ ಪ್ಲಗ್ ಎಷ್ಟು ಆಳ ಹೋಗಿದೆ ಅನ್ನುವುದನ್ನು.

## ಹಿಂದಿನ ಗೋಡೆ

ಗೋಡೇಲಿ ಸ್ವಲ್ಪ ತೇವ ಇದೆ. ಮರ ಮುಚ್ಚಿದ್ರೆ ಕಾಣಲ್ಲ ಅಲ್ವಾ?

ಕಾಣುವುದಿಲ್ಲ, ವಾಸನೆ ಬರುತ್ತದೆ. ಆಮೇಲೆ ಬೂಷ್ಟು, ಆಮೇಲೆ ಗೆದ್ದಲು.

ತೇವ ಎಲ್ಲಿಂದ ಬರುತ್ತಿದೆ ಅನ್ನುವುದು ಮೊದಲು ಗೊತ್ತಾಗಬೇಕು. ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಹಿಂಬದಿ, ಗೋಡೆಯ ಕಡೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ: ಸೋರುವ ಪೈಪು, ಹೊರಗಿನ ಬಿರುಕು, ಇಲ್ಲವೇ ನೆಲದಿಂದ ಏರುವ ತೇವ. ಅದನ್ನು ಸರಿಪಡಿಸಿ ಒಣಗಿಸುವವರೆಗೆ ಮರದ ಮಾತೇ ಬೇಡ. ಹನಿ ಮುಂಬದಿಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ತಣ್ಣನೆಯ ಗೋಡೆಗೆ ತಾಗಿ ಕಟ್ಟಿದ್ದು. ಅಲ್ಲಿ ಹಲಗೆಯ ಹಿಂದೆ ಗಾಳಿ ಓಡಾಡಲು ಮೇಲೂ ಕೆಳಗೂ ಸಂದಿ ಬಿಡಬೇಕು. ಹೊಸದಾಗಿ ಸಿಮೆಂಟ್ ಗಾರೆ ಮಾಡಿದ ಗೋಡೆ ಕೈಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಅದಕ್ಕೂ ಇದೇ ಪರೀಕ್ಷೆ ಮಾಡಿ.

ರೀಪರ್ ಬೇಕೇ ಬೇಕಾ? ಗೋಡೆಗೇ ಅಂಟು ಹಾಕಿ ಅಂಟಿಸಬಾರದಾ?

ಅಂಟು ಹಿಡಿಯುವುದು ಪೇಂಟನ್ನು. ಪೇಂಟ್ ಗೋಡೆಯನ್ನು ಎಷ್ಟು ಹಿಡಿದಿದೆಯೋ ಹಲಗೆಯೂ ಅಷ್ಟೇ ಗಟ್ಟಿ. ತೆಳು ಪ್ಲೈ ಪಟ್ಟಿಗೆ, ಒಣಗಿದ ಸಮತಟ್ಟು ಗೋಡೆಗೆ ಅದು ನಡೆಯುತ್ತದೆ. ಗಟ್ಟಿ ಮರದ ಹಲಗೆಗೆ ರೀಪರ್ ಬೇಕು: 20 ಮಿ.ಮೀ. ದಪ್ಪ, 40 ಮಿ.ಮೀ. ಅಗಲದ ಪಟ್ಟಿ, 400ರಿಂದ 600 ಮಿ.ಮೀ. ಅಂತರದಲ್ಲಿ. ಹಲಗೆ ತೆಳುವಾದಷ್ಟೂ ಅಂತರ ಕಡಿಮೆ ಮಾಡಿ.

ಸ್ಕ್ರೂ ಉದ್ದ ಲೆಕ್ಕ ಹಾಕುವಾಗ ಗಾರೆಯ ದಪ್ಪ ಸೇರಿಸಿ, ಆದರೆ ಅದನ್ನು ನೆಚ್ಚಬೇಡಿ, ಅದು ಹಿಡಿತ ಕೊಡುವುದಿಲ್ಲ. ರೀಪರ್ 20, ಗಾರೆ 15, ಅದನ್ನು ದಾಟಿ ಇಟ್ಟಿಗೆಯೊಳಗೆ 40 ಮಿ.ಮೀ. ಅಂದರೆ 75ರ ಸ್ಕ್ರೂ, 8 ಮಿ.ಮೀ. ಪ್ಲಗ್. ತೂತಿನೊಳಗಿನ ಧೂಳನ್ನು ಊದಿ ತೆಗೆದ ಮೇಲೆ ಪ್ಲಗ್ ಹಾಕಿ. ಇಟ್ಟಿಗೆ ಸಂದಿನ ಮೆತ್ತನೆ ಗಾರೆಗೆ ಡ್ರಿಲ್ ಸಲೀಸಾಗಿ ನುಗ್ಗಿದರೆ ಖುಷಿಪಡಬೇಡಿ, ಎರಡು ಇಂಚು ಪಕ್ಕಕ್ಕೆ ಹೊಸ ತೂತು ಹಾಕಿ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ, ನಲ್ಲಿಯ ನೇರಕ್ಕೆ ಕೊರೆಯಲೇಬೇಡಿ. ವೈರು, ಪೈಪು ಸಾಮಾನ್ಯವಾಗಿ ಅದೇ ದಾರಿಯಲ್ಲಿ ಹೋಗಿರುತ್ತವೆ.

ನಮ್ಮ ಗೋಡೆ ಹೊಟ್ಟೆ ಬಿಟ್ಟಿದೆ. ರೀಪರ್ ಹೊಡೆದ್ರೆ ಅದೂ ಹಂಗೇ ಬರುತ್ತಲ್ಲ?

ಬರುತ್ತದೆ, ಅದಕ್ಕೇ ರೀಪರನ್ನು ಮೊದಲ ಸಲವೇ ಪೂರ್ತಿ ಬಿಗಿಯಬಾರದು. ಗೋಡೆಯ ಎರಡು ತುದಿಗೂ ಮೊಳೆ ಹೊಡೆದು ದಾರ ಎಳೆದು ಕಟ್ಟಿ, ಎಲ್ಲಿ ಗೋಡೆ ಅತಿ ಹೆಚ್ಚು ಮುಂದಕ್ಕೆ ಬಂದಿದೆ ನೋಡಿ. ಅಲ್ಲಿನ ರೀಪರ್ ಗೋಡೆಗೆ ತಾಗಿಕೊಂಡಿರಲಿ. ಉಳಿದ ಕಡೆ ಸ್ಕ್ರೂವಿನ ಪಕ್ಕದಲ್ಲೇ ಪ್ಲೈ ಚೂರು ತುರುಕಿ ಎಲ್ಲ ರೀಪರ್‌ಗಳ ಮುಖವನ್ನೂ ಆ ಮಟ್ಟಕ್ಕೆ ತನ್ನಿ. ಎರಡು ಸ್ಕ್ರೂಗಳ ನಡುವೆ ಚೂರಿಟ್ಟರೆ ರೀಪರ್ ಬಿಲ್ಲಿನಂತೆ ಬಾಗುತ್ತದೆ. ಕೊನೆಗೆ ಉದ್ದನೆಯ ನೇರ ಪಟ್ಟಿಯೊಂದನ್ನು ಅಡ್ಡ, ನೆಟ್ಟಗೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. ಪಟ್ಟಿಯ ಹಿಂದೆ 2 ಮಿ.ಮೀ.ಗಿಂತ ಹೆಚ್ಚು ಬೆಳಕು ಕಂಡರೆ ಮತ್ತೆ ಸರಿಮಾಡಿ. ಇಡೀ ಕೆಲಸದಲ್ಲಿ ಅತಿ ಬೇಜಾರಿನ ಭಾಗ ಇದೇ, ಗೋಡೆಯ ಅಂದ ನಿರ್ಧಾರವಾಗುವುದೂ ಇಲ್ಲೇ.

ನಮ್ಮದು ಜಿಪ್ಸಮ್ ಬೋರ್ಡ್ ಗೋಡೆ. ಪ್ಲಗ್ ನಿಲ್ಲುತ್ತಾ?

ಬೋರ್ಡಿಗೆ ನೆಚ್ಚಿಕೊಳ್ಳಬೇಡಿ, ಅದರ ಹಿಂದಿನ ಕಂಬಗಳಿಗೆ ಸ್ಕ್ರೂ ಹಾಕಿ. ಅವು ಸಾಮಾನ್ಯವಾಗಿ 400 ಅಥವಾ 600 ಮಿ.ಮೀ.ಗೊಂದು ಇರುತ್ತವೆ. ಬಲವಾದ ಅಯಸ್ಕಾಂತವನ್ನು ಗೋಡೆಯ ಮೇಲೆ ಆಡಿಸಿದರೆ ಬೋರ್ಡಿನ ಸ್ಕ್ರೂ ತಲೆ ಸಿಕ್ಕಲ್ಲಿ ಕಚ್ಚಿಕೊಳ್ಳುತ್ತದೆ, ಅದರ ನೇರಕ್ಕೆ ಕಂಬ. ಕಂಬ ಲೋಹದ್ದಾದರೆ ಲೋಹಕ್ಕೆಂದೇ ಮಾಡಿದ ಸ್ಕ್ರೂ ಬೇಕು.

ಬಾಡಿಗೆ ಮನೆ. ಗೋಡೆ ಹಾಳಾಗಬಾರದು, ಬಿಡುವಾಗ ತಗೊಂಡು ಹೋಗಬೇಕು. ದಾರಿ ಇದೆಯಾ?

ಪಟ್ಟಿಗಳನ್ನು ಗೋಡೆಗೆ ಹೊಡೆಯುವ ಬದಲು 9 ಅಥವಾ 12 ಮಿ.ಮೀ. ಪ್ಲೈ ಹಾಳೆಗಳ ಮೇಲೆ ಕೂರಿಸಿ, ಎರಡು ಮೂರು ಫಲಕ ಮಾಡಿಕೊಳ್ಳಿ. ಗೋಡೆಗೆ 45 ಡಿಗ್ರಿ ಓರೆ ಸೀಳಿದ ಪಟ್ಟಿ, ಫಲಕದ ಬೆನ್ನಿಗೆ ಅದರ ಜೋಡಿ. ಮೇಲಿಂದ ಇಳಿಸಿದರೆ ಒಂದರೊಳಗೊಂದು ಕಚ್ಚಿ ಕೂರುತ್ತದೆ. ಫಲಕಕ್ಕೆ ನಾಲ್ಕೈದು ತೂತು ಸಾಕು, ಬಿಡುವಾಗ ಪುಟ್ಟಿ ತುಂಬಿದರೆ ಮುಗಿಯಿತು. ಮಾಲೀಕರಿಗೆ ಮೊದಲೇ ಒಂದು ಮಾತು ಹೇಳಿ.

## ಹಲಗೆ ಕೂರಿಸುವಾಗ

ಕೊನೇ ಸಾಲಿಗೆ ಬಂದಾಗ ಎರಡು ಬೆರಳಗಲದ ಚೂರು ಉಳಿಯುತ್ತೆ. ಅಸಹ್ಯ ಕಾಣುತ್ತೆ.

ಮೊದಲ ಹಲಗೆ ಹೊಡೆಯುವ ಮುಂಚೆ ಕಾಗದದ ಮೇಲೆ ಕೊನೆಯ ಹಲಗೆಯ ಲೆಕ್ಕ ಹಾಕಿ. ಎತ್ತರ 2,700 ಮಿ.ಮೀ. ಇದೆ ಎನ್ನಿ. ಹಿಗ್ಗಲು ಮೇಲೆ 10, ಕೆಳಗೆ 10 ಬಿಟ್ಟರೆ 2,680. ಹಲಗೆ, ಸಂದಿ ಸೇರಿ ಒಂದು ಸಾಲು 98 ಮಿ.ಮೀ. ಆದರೆ 27 ಸಾಲಿಗೆ 2,646, ಉಳಿಯುವುದು 34. ಅದೇ ನಿಮ್ಮ ಚೂರು. ಪರಿಹಾರ ಸುಲಭ: ಒಂದು ಪೂರ್ತಿ ಸಾಲನ್ನು ಆ ಚೂರಿಗೆ ಸೇರಿಸಿ ಅರ್ಧ ಮಾಡಿ. 98 ಮತ್ತು 34 ಸೇರಿ 132, ಅರ್ಧ 66. ಮೊದಲ ಸಾಲೂ ಕೊನೆಯ ಸಾಲೂ 66ಕ್ಕೆ ಸೀಳಿದರೆ ನಡುವೆ 26 ಪೂರ್ತಿ ಸಾಲು ಬರುತ್ತದೆ. ನೋಡಿದವರಿಗೆ ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಪಟ್ಟಿಗಳ ನಡುವಿನ ಸಂದಿ ಸಮವಾಗಿ ಬರೋದೇ ಇಲ್ಲ. ಹೇಗೆ ಮಾಡೋದು?

ಗೋಡೆ 3,600 ಮಿ.ಮೀ., ಪಟ್ಟಿ 40, ಸಂದಿ ಸುಮಾರು 20 ಬೇಕು ಎಂದಿಟ್ಟುಕೊಳ್ಳಿ. ಗೋಡೆಗೆ ಒಂದು ಸಂದಿ ಕೂಡಿಸಿ, ಪಟ್ಟಿ-ಸಂದಿಯ ಮೊತ್ತದಿಂದ ಭಾಗಿಸಿ: 3,620 ಭಾಗಿಸು 60, ಅಂದರೆ 60 ಪಟ್ಟಿ. ಅವು 2,400 ತಿನ್ನುತ್ತವೆ. ಉಳಿದ 1,200ನ್ನು 59 ಸಂದಿಗೆ ಹಂಚಿದರೆ 20.34. ಈ ಕಾಲು ಚಿಲ್ಲರೆಯನ್ನು ಯಾರು ಲೆಕ್ಕಕ್ಕಿಡುತ್ತಾರೆ ಎಂದು 20ರ ಗುಂಡು ಸಂಖ್ಯೆ ಹಿಡಿದರೆ ಕೊನೆಯಲ್ಲಿ 20 ಮಿ.ಮೀ. ಖಾಲಿ ನಿಲ್ಲುತ್ತದೆ.

ಸಂದಿಗೆ ಅಳತೆ ಚೂರು ಇಟ್ಟುಕೊಂಡು ಒಂದರ ಪಕ್ಕ ಒಂದು ಹೊಡೆಯುತ್ತಾ ಹೋಗುವುದು ಹಿತವಾದ ಕೆಲಸ, ಆದರೆ ತಪ್ಪು ಕೂಡುತ್ತಾ ಹೋಗುತ್ತದೆ. ಅದಕ್ಕೆ ಗೋಡೆಯ ಒಂದೇ ತುದಿಯಿಂದ ಟೇಪು ಹಿಡಿದು ಪ್ರತಿ ಹತ್ತು ಪಟ್ಟಿ ಆದ ಮೇಲೆ ಮುಂದಿನದು ಶುರುವಾಗುವಲ್ಲಿ ಗುರುತು ಹಾಕಿಟ್ಟುಕೊಳ್ಳಿ: 603.4, 1,206.8, ಹೀಗೆ. ಅಳತೆ ಚೂರು ಬಳಸಿ, ಆದರೆ ಗುರುತು ಬಂದಾಗ ಗುರುತಿನ ಮಾತು ಕೇಳಿ. ಇನ್ನೊಂದು, ಪಟ್ಟಿ ಹೊಡೆಯುವ ಮುಂಚೆ ಹಿಂದಿನ ಗೋಡೆಗೂ ರೀಪರಿಗೂ ಕಪ್ಪು ಮ್ಯಾಟ್ ಪೇಂಟ್ ಹೊಡೆಯಿರಿ. ಸಂದಿಯಲ್ಲಿ ಬಿಳಿ ಗೋಡೆ ಕಂಡರೆ ಎಷ್ಟು ಒಳ್ಳೆ ಕೆಲಸವೂ ಅರೆಬರೆಯಾಗಿ ಕಾಣುತ್ತದೆ.

ನೇಲ್ ಗನ್ ಇಲ್ಲ. ಸುತ್ತಿಗೇಲಿ ಹೊಡೆದ್ರೆ ತುದಿ ಸೀಳುತ್ತೆ.

ಮೊಳೆಯನ್ನು ತಲೆಕೆಳಗಾಗಿ ಕಲ್ಲಿನ ಮೇಲೆ ಹಿಡಿದು, ಚೂಪು ತುದಿಗೆ ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿ ಮೊಂಡು ಮಾಡಿ. ಚೂಪು ಮೊಳೆ ಎಳೆಗಳನ್ನು ಎರಡು ಪಕ್ಕಕ್ಕೆ ಅಗಲಿಸುತ್ತದೆ, ಸೀಳು ಅಲ್ಲಿಂದಲೇ ಶುರು. ಮೊಂಡು ಮೊಳೆ ಎದುರಿನ ಎಳೆಯನ್ನು ಜಜ್ಜಿಕೊಂಡು ಒಳಹೋಗುತ್ತದೆ. ತುದಿಯಿಂದ ಒಂದು ಇಂಚಿನೊಳಗೆ ಹೊಡೆಯುವುದಿದ್ದರೆ ಇದೂ ಸಾಲದು, ಮೊಳೆಗಿಂತ ಸಣ್ಣ ಬಿಟ್ ಹಾಕಿ ಮೊದಲೇ ತೂತು ಮಾಡಿ.

ಮೊಳೆಯ ಉದ್ದ ಹಲಗೆ, ರೀಪರ್ ಎರಡರ ದಪ್ಪ ಕೂಡಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಇರಲಿ. 12ರ ಹಲಗೆ, 20ರ ರೀಪರ್ ಆದರೆ 30 ಮಿ.ಮೀ. ಅದಕ್ಕಿಂತ ಉದ್ದದ್ದು ಇಟ್ಟಿಗೆಗೆ ತಾಗಿ ಮಡಚಿಕೊಳ್ಳುತ್ತದೆ. ಜೋಡಿ ಮೊಳೆಗಳನ್ನು ಒಂದಕ್ಕೊಂದು ಎದುರು ಓರೆಯಾಗಿ ಹೊಡೆದರೆ ಹಲಗೆ ಕಿತ್ತುಬರುವುದಿಲ್ಲ. ಟಂಗ್ ಅಂಡ್ ಗ್ರೂವ್ ಹಲಗೆಗೆ ನಾಲಿಗೆಯ ಬುಡದಲ್ಲಿ 45 ಡಿಗ್ರಿ ಓರೆಗೆ ಒಂದೇ ಮೊಳೆ. ಎರಡೂ ಅಂಚಿಗೆ ಮೊಳೆ ಹೊಡೆದರೆ ಕುಗ್ಗುವಾಗ ಹಲಗೆ ನಡುವೆ ಸೀಳುತ್ತದೆ.

ಉದ್ದ ಸಾಲದೆ ಎರಡು ಹಲಗೆ ಜೋಡಿಸಬೇಕು. ಜೋಡು ಎಲ್ಲಿ ಬರಬೇಕು?

ರೀಪರಿನ ನಡುಮಧ್ಯಕ್ಕೆ, ಬೇರೆಲ್ಲೂ ಅಲ್ಲ. ಪಕ್ಕದ ಸಾಲಿನ ಜೋಡಿನಿಂದ ಕನಿಷ್ಠ ಒಂದು ರೀಪರ್ ಅಂತರ ಇರಲಿ. ಮೆಟ್ಟಿಲಿನಂತೆ ಕ್ರಮವಾಗಿ ಬಂದರೆ ಕಣ್ಣು ಮರ ಬಿಟ್ಟು ಮೆಟ್ಟಿಲನ್ನೇ ನೋಡುತ್ತದೆ.

ಛಾವಣಿ ಸೊಟ್ಟ ಇದೆ. ಕೊನೇ ಹಲಗೆ ಒಂದು ಕಡೆ ತಾಗುತ್ತೆ, ಇನ್ನೊಂದು ಕಡೆ ಸಂದಿ.

ಹಲಗೆಯನ್ನು ಅದರ ಜಾಗಕ್ಕೆ ಆದಷ್ಟು ಹತ್ತಿರ, ಮಟ್ಟವಾಗಿ ಹಿಡಿದು ತಾತ್ಕಾಲಿಕವಾಗಿ ಕಚ್ಚಿಸಿ. ರೇಖಾಗಣಿತದ ಕೈವಾರವನ್ನು ಅತಿ ದೊಡ್ಡ ಸಂದಿಯ ಅಳತೆಗೆ ಬಿಡಿಸಿ, ಮುಳ್ಳು ಛಾವಣಿಯ ಮೇಲೆ, ಪೆನ್ಸಿಲ್ ಹಲಗೆಯ ಮೇಲೆ ಇರುವಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಿರಿ. ಕೈವಾರ ವಾಲದೆ ನೆಟ್ಟಗೇ ಇರಬೇಕು. ಛಾವಣಿಯ ಸೊಟ್ಟವೆಲ್ಲ ಹಲಗೆಗೆ ಇಳಿಯುತ್ತದೆ. ಗೆರೆಯ ಹೊರಗೆ ಕತ್ತರಿಸಿ, ಕೀಸುಳಿಯಿಂದ ಗೆರೆಗೆ ತನ್ನಿ. ಅಷ್ಟು ಸಹನೆ ಇಲ್ಲದವರಿಗೆ ಮೇಲೊಂದು ಬೀಡಿಂಗ್, ಅಂದರೆ ಅಂಚು ಮುಚ್ಚುವ ಸಣ್ಣ ಪಟ್ಟಿ, ಇದೆ. ಅದು ಹಿಗ್ಗಲು ಬಿಟ್ಟ ಸಂದಿಯನ್ನೂ ಮುಚ್ಚುತ್ತದೆ. ಬೀಡಿಂಗ್ ಮೊಳೆ ಒಂದಕ್ಕೆ ಮಾತ್ರ ಬೀಳಲಿ, ಹಲಗೆಗಾಗಲಿ ಛಾವಣಿಗಾಗಲಿ. ಎರಡಕ್ಕೂ ಹೊಡೆದರೆ ಸಂದಿ ಬಿಟ್ಟದ್ದೇ ವ್ಯರ್ಥ.

ಸ್ವಿಚ್ ಬೋರ್ಡ್ ಹಳ್ಳಕ್ಕೆ ಬೀಳುತ್ತಲ್ಲ, ಹಾಗೇ ಬಿಡಬಹುದಾ?

ಬಿಡಬಾರದು. ಡಬ್ಬದ ಬಾಯಿ ಹಲಗೆಯ ಮುಖದ ಮಟ್ಟಕ್ಕೆ ಬರಬೇಕು. ಇಲ್ಲದಿದ್ದರೆ ಡಬ್ಬದೊಳಗೆ ಕಿಡಿ ಹಾರಿದಾಗ ಎದುರಿಗಿರುವುದು ಹಲಗೆಯ ಒಣ ಅಂಚು. ಡಬ್ಬದ ಮೇಲೆ ಕೂರುವ ಎಕ್ಸ್‌ಟೆನ್ಷನ್ ರಿಂಗ್ ಸಿಗುತ್ತದೆ, ಜೊತೆಗೆ ಉದ್ದನೆಯ ಸ್ಕ್ರೂ ಬೇಕು. ಮೇನ್ ಆಫ್ ಮಾಡಿ, ಟೆಸ್ಟರಿನಲ್ಲಿ ನೋಡಿದ ಮೇಲೆ ಮುಟ್ಟಿ. ವೈರು ಎಳೆದು ಸಾಲದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ನೀವೇ ಮಾಡಬೇಕೆಂಬ ಹಟ ಇಲ್ಲಿ ಬೇಡ.

## ಬಣ್ಣ, ಪಾಲಿಶ್

ಪಾಲಿಶ್ ಹೊಡೆದು ಕೂರಿಸೋದಾ, ಕೂರಿಸಿ ಹೊಡೆಯೋದಾ?

ಹೊಡೆದು ಕೂರಿಸಿ. 80, 120, 180 ನಂಬರಿನ ಉಜ್ಜುಕಾಗದದಲ್ಲಿ ಎಳೆಯ ದಿಕ್ಕಿಗೇ ಉಜ್ಜಿ. ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಹಾಕುವುದಿದ್ದರೆ 180ರಲ್ಲೇ ನಿಲ್ಲಿಸಿ, ಇನ್ನೂ ನುಣುಪಾದರೆ ಮರ ಬಣ್ಣ ಕುಡಿಯುವುದಿಲ್ಲ. ಹಲಗೆಯ ಬೆನ್ನಿಗೂ ತುದಿಗಳಿಗೂ ಕನಿಷ್ಠ ಒಂದು ಕೋಟ್ ಹಾಕಿ. ಮುಂಭಾಗಕ್ಕೆ ಮಾತ್ರ ಹಾಕಿದರೆ ಬೆನ್ನು ತೇವ ಹೀರಿ, ಮುಖ ಹೀರದೆ, ಹಲಗೆ ದೋಣಿಯಂತೆ ಸೆಟೆದುಕೊಳ್ಳುತ್ತದೆ. ನಾಲಿಗೆಗೂ ಬಣ್ಣ ತಾಗಿಸಿ, ಕುಗ್ಗಿದಾಗ ಬಿಳಿ ಗೆರೆ ಕಾಣುವುದು ಅಲ್ಲೇ.

ನೀರು ಆಧಾರಿತ ಪಾಲಿಯುರಿಥೇನ್ ಪಾಲಿಶ್ ಮರದ ಬಣ್ಣ ಬದಲಿಸುವುದಿಲ್ಲ, ವಾಸನೆ ಕಡಿಮೆ. ಎಣ್ಣೆ ಆಧಾರಿತದ್ದು ಬೆಚ್ಚನೆ ಹಳದಿ ಕೊಡುತ್ತದೆ, ವರ್ಷ ಕಳೆದಂತೆ ಇನ್ನೂ ಹಳದಿಯಾಗುತ್ತದೆ. ಹೊಳಪಿನ ಬದಲು ಮ್ಯಾಟ್ ಇರಲಿ. ಇಡೀ ಗೋಡೆ ಫಳಫಳ ಹೊಳೆದರೆ ಮರವೂ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ.

ಪೈನ್‌ಗೆ ಸ್ಟೇನ್ ಹಾಕಿದ್ರೆ ಮಚ್ಚೆ ಮಚ್ಚೆ ಬರುತ್ತೆ, ಯಾಕೆ?

ಪೈನ್ ಒಂದೊಂದು ಕಡೆ ಒಂದೊಂದು ರೀತಿ ಹೀರುತ್ತದೆ. ಸ್ಟೇನಿಗೆ ಮೊದಲು ತೆಳು ಮಾಡಿದ ಶೆಲ್ಯಾಕ್ ಒಂದು ಕೈ ಸವರಿ, ಅಥವಾ ಮೇಲ್ಮೈಯಲ್ಲೇ ನಿಲ್ಲುವ ಜೆಲ್ ಸ್ಟೇನ್ ಬಳಸಿ. ಕತ್ತರಿಸಿ ಉಳಿದ ಚೂರಿನ ಮೇಲೆ ಮೊದಲು ನೋಡಿ, ಅದೇ ಕೋಣೆಯ ಬೆಳಕಿನಲ್ಲಿ.

ಹೊಸ ಮರಕ್ಕೆ ಹಳೇ ಬೂದು ಬಣ್ಣ ಬರಿಸಬಹುದಾ?

ಬರಿಸಬಹುದು, ಅದಕ್ಕೆ ಬೇಕಾದ್ದು ವಿನೆಗರ್ ಮತ್ತು ಸ್ಟೀಲ್ ವುಲ್ (ನವಿರಾದ ಕಬ್ಬಿಣದ ನೂಲಿನುಂಡೆ). ತೊಳೆದು ಎಣ್ಣೆ ತೆಗೆದ ಸ್ಟೀಲ್ ವುಲ್ಲನ್ನು ಗಾಜಿನ ಸೀಸೆಯಲ್ಲಿ ವಿನೆಗರ್ ಹಾಕಿ ಕೆಲವು ದಿನ ಬಿಡಿ, ಮುಚ್ಚಳ ಬಿಗಿಯಬೇಡಿ, ಅನಿಲ ಹೊರಹೋಗಬೇಕು. ಕರಗಿದ ಕಬ್ಬಿಣ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥದ ಜೊತೆ ಸೇರಿ ಬೂದು, ಕಪ್ಪು ಬಣ್ಣ ಹುಟ್ಟುತ್ತದೆ. ಓಕ್‌ನಂಥ ಮರಕ್ಕೆ ಟ್ಯಾನಿನ್ ಸ್ವಂತದ್ದೇ ಇರುತ್ತದೆ. ಪೈನ್‌ಗೆ ಮೊದಲು ಗಟ್ಟಿ ಟೀ ಡಿಕಾಕ್ಷನ್ ಬಳಿದು ಒಣಗಿಸಬೇಕು. ಸವರಿದಾಗ ಏನೂ ಆಗಲಿಲ್ಲ ಎಂದು ಮೇಲಿಂದ ಮೇಲೆ ಹಾಕಬೇಡಿ, ಬಣ್ಣ ನಿಧಾನವಾಗಿ ಏಳುತ್ತದೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆ ತಾನಾಗೇ ಹೊತ್ತಿಕೊಳ್ಳುತ್ತೆ ಅಂತಾರೆ, ನಿಜವಾ?

ನಿಜ. ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಕೂಡುವುದು, ಆಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಆ ಶಾಖ ಒಳಗೇ ಕೂಡಿ, ಕೆಲವೇ ಗಂಟೆಯಲ್ಲಿ ಬೆಂಕಿ ಹತ್ತಬಹುದು. ಬಟ್ಟೆಯನ್ನು ಹೊರಗೆ ಒಂಟಿ ಪದರವಾಗಿ ಹರಡಿ ಗಟ್ಟಿಯಾಗುವವರೆಗೆ ಒಣಗಿಸಿ, ಅಥವಾ ನೀರು ತುಂಬಿದ ಲೋಹದ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಎಣ್ಣೆ ನೆನೆದ ಮರದ ಪುಡಿಗೂ ಇದೇ ಮಾತು.

## ಸ್ವಲ್ಪ ಮುಂದಿನ ಕೆಲಸ

ಮರದ ಮೇಲೇ ಟಿವಿ ನೇತುಹಾಕಬಹುದಾ?

12 ಮಿ.ಮೀ. ಹಲಗೆಗೆ ಟಿವಿ ನೇತುಹಾಕಬೇಡಿ, ಅದರಲ್ಲೂ ಮುಂದಕ್ಕೆ ಎಳೆಯುವ ತೋಳಿನ ಸ್ಟ್ಯಾಂಡ್ ಇದ್ದರೆ. ಹಲಗೆ ಹೊಡೆಯುವ ಮುಂಚೆಯೇ ಟಿವಿ ಬರುವ ಜಾಗದಲ್ಲಿ ರೀಪರ್‌ಗಳ ನಡುವೆ ಅದೇ ದಪ್ಪದ ಪ್ಲೈ ತುಂಡನ್ನು ಗೋಡೆಗೆ ಬಿಗಿಯಿರಿ. ಸ್ಟ್ಯಾಂಡಿನ ಬೋಲ್ಟ್ ಹಲಗೆ, ಪ್ಲೈ, ಗಾರೆ ಮೂರನ್ನೂ ದಾಟಿ ಇಟ್ಟಿಗೆಯಲ್ಲಿ ಕೂರಬೇಕು. ಹಿಂದೆ ಟೊಳ್ಳಿದ್ದರೆ ಬಿಗಿಯುವಾಗ ಹಲಗೆ ಒಳಕ್ಕೆ ಕುಸಿಯುತ್ತದೆ. ಎಚ್‌ಡಿಎಂಐ ಕೇಬಲ್‌ಗೆ ಪೈಪೊಂದನ್ನು ಈಗಲೇ ಹಾಕಿಡಿ. ಪ್ಲೈ ಎಲ್ಲಿದೆ ಎಂದು ಅಳತೆ ಟೇಪು ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ.

ಎಲ್‌ಇಡಿ ಪಟ್ಟಿ ಹಾಕಿದ್ರೆ ಮರಕ್ಕೆ ಬಿಸಿ ತಾಗಲ್ವಾ?

ಅಲ್ಯೂಮಿನಿಯಂ ಚಾನಲ್ಲಿನಲ್ಲಿ ಕೂರಿಸಿದರೆ ತೊಂದರೆ ಇಲ್ಲ. ನಿಜವಾಗಿ ಬಿಸಿಯಾಗುವುದು ಪಟ್ಟಿಗೆ ಕರೆಂಟು ಕೊಡುವ ಡಬ್ಬ, ಅಂದರೆ ಡ್ರೈವರ್. ಅದನ್ನು ಹಲಗೆಯ ಹಿಂದೆ ಹೂತುಬಿಡಬೇಡಿ, ಗಾಳಿಯಾಡುವ, ಕೈಗೆಟಕುವ ಜಾಗದಲ್ಲಿಡಿ. 12 ವೋಲ್ಟಿನ ಪಟ್ಟಿ ಐದು ಮೀಟರ್ ದಾಟಿದರೆ ತುದಿಯಲ್ಲಿ ಬೆಳಕು ಮಂಕಾಗುತ್ತದೆ. ಆಗ ಎರಡೂ ತುದಿಯಿಂದ ವೈರು ಕೊಡಿ, ಇಲ್ಲವೇ 24 ವೋಲ್ಟಿನದ್ದು ತನ್ನಿ.

ಮರದ ಪಟ್ಟಿ ಹಾಕಿದ್ರೆ ಪಕ್ಕದ ಮನೆ ಸದ್ದು ಕಡಿಮೆ ಆಗುತ್ತಾ?

ಆಗುವುದಿಲ್ಲ. ಸದ್ದು ತಡೆಯಲು ಭಾರ, ಬಿಗಿ ಬೇಕು. ಸಂದಿ ಬಿಟ್ಟ ಪಟ್ಟಿಗೆ ಎರಡೂ ಇಲ್ಲ. ಪಟ್ಟಿಯ ಹಿಂದೆ ಫೆಲ್ಟ್ (ನಾರು ಒತ್ತಿ ಮಾಡಿದ ದಪ್ಪ ಬಟ್ಟೆ), ಅದರ ಹಿಂದೆ ರೀಪರಿನಷ್ಟು ಟೊಳ್ಳು ಇದ್ದರೆ ನಿಮ್ಮದೇ ಕೋಣೆಯ ಮಾರ್ದನಿ ಇಳಿದು ಮಾತು ಸ್ಪಷ್ಟವಾಗಿ ಕೇಳುತ್ತದೆ, ಅಷ್ಟೇ.

ಹಲಗೆ ಕೆಳಗೆ ನುಣ್ಣನೆ ಪುಡಿ ಬೀಳ್ತಾ ಇದೆ. ಗೆದ್ದಲಾ?

ಹಿಟ್ಟಿನಂಥ ಪುಡಿ, ಹಲಗೆಯಲ್ಲಿ ಒಂದೆರಡು ಮಿ.ಮೀ. ದುಂಡು ತೂತು ಕಂಡರೆ ಅದು ಮರ ಕೊರೆಯುವ ಹುಳು. ಗೆದ್ದಲು ಪುಡಿ ಉದುರಿಸುವುದಕ್ಕಿಂತ ಮಣ್ಣಿನ ದಾರಿ ಕಟ್ಟಿಕೊಂಡು ಬರುವುದೇ ಹೆಚ್ಚು. ಹುಳು ಬೀಳುವುದು ಬಹುಮಟ್ಟಿಗೆ ಚೇಗು ಬಿಟ್ಟು ಹೊರಗಿನ ಬಿಳಿ ಭಾಗಕ್ಕೆ, ಪಿಷ್ಟ ಇರುವುದು ಅಲ್ಲೇ. ಬಿದ್ದ ಹಲಗೆಯನ್ನು ಬಿಚ್ಚಿ ಹೊರಹಾಕಿ, ಅಕ್ಕಪಕ್ಕದ್ದನ್ನು ಪರೀಕ್ಷಿಸಿ. ಮುಂಜಾಗ್ರತೆಗೆ ರೀಪರಿಗೂ ಹಲಗೆಯ ಬೆನ್ನಿಗೂ ಪಾಲಿಶ್‌ಗೆ ಮೊದಲೇ ಬೋರೇಟ್ ದ್ರಾವಣ ಬಳಿಯಿರಿ, ಪಾಲಿಶ್ ಆದ ಮೇಲೆ ಅದು ಒಳಗಿಳಿಯುವುದಿಲ್ಲ. ಹಲಗೆಯ ತಳ ನೆಲಕ್ಕೆ ತಾಗದೆ 10 ಮಿ.ಮೀ. ಮೇಲಿದ್ದರೆ ನೆಲ ಒರೆಸುವ ನೀರೂ ತಾಗುವುದಿಲ್ಲ, ಗೆದ್ದಲಿನ ದಾರಿಯೂ ಬೇಗ ಕಣ್ಣಿಗೆ ಬೀಳುತ್ತದೆ.

ಮುಂದೆ ಬೇಜಾರಾದ್ರೆ ಬಿಚ್ಚಬಹುದಾ?

ರೀಪರಿಗೆ ಮೊಳೆ ಹೊಡೆದಿದ್ದರೆ ಬಿಚ್ಚಬಹುದು. ಕೊನೆಗೆ ಕೂರಿಸಿದ ಹಲಗೆಯಿಂದ ಶುರುಮಾಡಿ ಹಿಂದಕ್ಕೆ ಬನ್ನಿ, ಚಪ್ಪಟೆ ಕಬ್ಬಿಣದ ಕೆಳಗೆ ಮರದ ಚೂರು ಇಟ್ಟು ಮೀಟಿ. ಮೊಳೆಯನ್ನು ಹಲಗೆಯ ಹಿಂಬದಿಯಿಂದ ಇಕ್ಕಳದಲ್ಲಿ ಎಳೆದು ತೆಗೆಯಿರಿ. ಮುಂದಿನಿಂದ ಬಡಿದು ಹೊರಡಿಸಿದರೆ ಮುಖದ ಚಕ್ಕೆ ಏಳುತ್ತದೆ. ರೀಪರ್ ಸ್ಕ್ರೂ ಬಿಚ್ಚಿ, ಪ್ಲಗ್ಗನ್ನು ಒಳಕ್ಕೆ ಸ್ವಲ್ಪ ತಳ್ಳಿ ಪುಟ್ಟಿ ತುಂಬಿ. ಅಂಟಿನಲ್ಲಿ ಅಂಟಿಸಿದ್ದರೆ ಗಾರೆ ಸಮೇತ ಕಿತ್ತುಬರುತ್ತದೆ, ಗೋಡೆಗೆ ಹೊಸ ಗಾರೆಯ ಕೆಲಸವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.